ಎದುರು ತಂಡದ ಹೊನ್ನೂರಪ್ಪ

ಸಾವಿರದ ಒಂಬೈನೂರ ಐವತ್ತನೇ ಇಸವಿಯ ಡಿಸೆಂಬರ್ ತಿಂಗಳ ಒಂದು ಸಂಜೆ, ಬಳ್ಳಾರಿಯ ಬ್ರೂಸ್‌ಪೇಟೆ ಗೆಳೆಯರ ಕ್ಲಬ್ಬಿನ ಕಮಿಟಿಯ ಐದು ಜನ ಎರ್ರಣ್ಣನವರ ಜವಳಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಒಬ್ಬ ಮನುಷ್ಯನ ಮೊಣಕಾಲಿನ ಬಗ್ಗೆ ಜಗಳವಾಡುತ್ತಿದ್ದರು.

ಮೊಣಕಾಲು ಹೊನ್ನೂರಪ್ಪನದು. ಹತ್ತು ವರ್ಷ ಕಂಟೋನ್ಮೆಂಟ್ ಫುಟ್‌ಬಾಲ್ ತಂಡದ ಮುಂಚೂಣಿಯ ಆಟಗಾರನಾಗಿ ಆಡಿ, ಬ್ರೂಸ್‌ಪೇಟೆಯವರ ಮೇಲೆ ಲೆಕ್ಕವಿಲ್ಲದಷ್ಟು ಗೋಲು ಹೊಡೆದವನು ಅವನು. ಈಗ ವಯಸ್ಸು ಮೂವತ್ತೇಳು. ವಯಸ್ಸಾಯಿತೆಂದು ಕಂಟೋನ್ಮೆಂಟಿನವರು ದೀಪಾವಳಿ ಕಳೆದ ಮೇಲೆ ಅವನನ್ನು ಬಿಟ್ಟರು. ಅವನು ತನ್ನೂರು ಕುರುಗೋಡಿಗೆ ಹೋಗಿ ಅಣ್ಣನ ಹೊಲದಲ್ಲಿ ದುಡಿಯುತ್ತಿದ್ದ. ಬ್ರೂಸ್‌ಪೇಟೆಯವರು ಕರೆದರೆ ಬರುತ್ತೇನೆಂದು ಯಾರ ಬಾಯಲ್ಲೋ ಹೇಳಿ ಕಳಿಸಿದ್ದ.

"ಜನವರಿಯಾಗ ಸಿರುಗುಪ್ಪದಾಗ ಕಪ್ಪಿನ ಪಂದ್ಯ ಐತಿ. ಅವನನ್ನ ಬಿಟ್ರ ನಮಗ ಗತಿ ಇಲ್ಲ," ಎಂದರು ಇಬ್ಬರು.

"ಮುದಿ ಎತ್ತು ಕಟ್ಟಿಕೊಂಡು ಏನು ಮಾಡೋಣ? ಅದೂ ಅವರು ಬಿಟ್ಟದ್ದು," ಎಂದರು ಇನ್ನಿಬ್ಬರು.

ಅಧ್ಯಕ್ಷ ಎರ್ರಣ್ಣ ಸೋತುಹೋಗಿ, ಬಾಗಿಲ ಬಳಿ ಕೂತು ಕೇಳುತ್ತಿದ್ದ ಕ್ಯಾಪ್ಟನ್ ಮರಿಬಸಪ್ಪನ ಕಡೆ ತಿರುಗಿದರು. "ಕುರುಗೋಡಿಗೆ ನೀನ ಹೋಗಿ ಬಾರಪ. ಕಾಲು ನೋಡು. ನೀನು ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ."

ಮರಿಬಸಪ್ಪ ಆಗಲಿ ಎಂದ. ಆದರೆ ಹೋಗುವ ಮನಸ್ಸಿರಲಿಲ್ಲ.

ಅವನಿಗೆ ಇಪ್ಪತ್ತೆಂಟು ವರ್ಷ. ಹತ್ತಿ ಮಿಲ್ಲಿನಲ್ಲಿ ತೂಕದ ಕೆಲಸ. ಅವನೂ ಮುಂಚೂಣಿಯ ಆಟಗಾರನೇ. ಹೊನ್ನೂರಪ್ಪ ಬಂದರೆ, ಈಗ ತಾನು ಆಡುವ ನಡುವಿನ ಜಾಗ ಯಾರದು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಆದರೆ ಅವನ ಸಂಕಟ ಆ ಜಾಗಕ್ಕಿಂತ ಹಳೆಯದು.

ಅವನ ತಂದೆ ಮೈಲಾರಪ್ಪ ಕಂಟೋನ್ಮೆಂಟಿನಲ್ಲಿ ಜಟಕಾ ಹೊಡೆದವನು. ಬಿಳಿ ಸೋಲ್ಜರುಗಳ ಆಟ ನೋಡಿ ನೋಡಿ ಫುಟ್‌ಬಾಲಿನ ಹುಚ್ಚು ಹಿಡಿದಿತ್ತು. ಮಗ ಬ್ರೂಸ್‌ಪೇಟೆಗೆ ಆಡಲು ಶುರುಮಾಡಿದ ಮೇಲೂ ಮುದುಕನ ಬಾಯಲ್ಲಿ ಹೊನ್ನೂರಪ್ಪನದೇ ಹೆಸರು. ಒಂದು ವರ್ಷ ಕಂಟೋನ್ಮೆಂಟಿನ ಮೇಲೆ ಮರಿಬಸಪ್ಪ ಎರಡು ಗೋಲು ಹೊಡೆದು ಗೆಲ್ಲಿಸಿದ. ಹೊನ್ನೂರಪ್ಪ ಹೊಡೆದದ್ದು ಒಂದೇ. ಅವತ್ತು ಊಟಕ್ಕೆ ಕೂತಾಗ ಮೈಲಾರಪ್ಪ ರೊಟ್ಟಿ ಮುರಿಯುತ್ತಾ, "ಏನು ನಿಂತಿದ್ದನಲೇ ಅವ! ಚೆಂಡು ತಾನಾಗಿ ಹುಡುಕ್ಕೊಂಡು ಬಂತು," ಎಂದು ಆ ಒಂದು ಗೋಲನ್ನೇ ಮೂರು ಸಲ ಹೇಳಿದ. ಮಗನ ಎರಡು ಗೋಲಿನ ಬಗ್ಗೆ ಒಂದು ಮಾತಿಲ್ಲ. ಆಟ ಮುಗಿದ ಮೇಲೆ ಹೊನ್ನೂರಪ್ಪನನ್ನು ಜಟಕಾದಲ್ಲಿ ಕೂರಿಸಿಕೊಂಡು ಮನೆ ಮುಟ್ಟಿಸುವುದೂ ಮೈಲಾರಪ್ಪನೇ. ಮರಿಬಸಪ್ಪ ಗೆಳೆಯರ ಜೊತೆ ನಡೆದುಕೊಂಡು ಬರುವಾಗ ಆ ಜಟಕಾ ಧೂಳೆಬ್ಬಿಸಿ ಮುಂದೆ ಹೋಗುತ್ತಿತ್ತು.

ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಅವನು ಕುರುಗೋಡಿಗೆ ಹೋದ. ಹೊನ್ನೂರಪ್ಪ ಜೋಳದ ಹೊಲದ ಬದುವಿನ ಮೇಲೆ ಕಲ್ಲು ಹೊತ್ತು ಹಾಕುತ್ತಿದ್ದ. ಕಂಡವನೇ ಕೈ ಒರೆಸಿಕೊಂಡು ಬಂದು, ಮನೆಗೆ ಕರೆದುಕೊಂಡು ಹೋದ. ಹೆಂಡತಿ ಉಚ್ಚೆಂಗೆಮ್ಮ ಮಜ್ಜಿಗೆ ಕೊಟ್ಟಳು.

ಮರಿಬಸಪ್ಪ ಕೇಳುವ ಮೊದಲೇ ಹೊನ್ನೂರಪ್ಪ ಧೋತರ ಎತ್ತಿ ಎಡ ಮೊಣಕಾಲು ತೋರಿಸಿದ. ಸ್ವಲ್ಪ ಊದಿತ್ತು. "ಸುಳ್ಳು ಹೇಳಂಗಿಲ್ಲ ತಮ್ಮಾ. ಅರ್ಧ ತಾಸು ಓಡ್ತೀನಿ. ಆಮ್ಯಾಲೆ ನಿಂತಲ್ಲೇ ಆಡ್ತೀನಿ. ಆದ್ರ ಗೋಲಿನ ಮುಂದ ಚೆಂಡು ಕೊಟ್ರ ಬಿಡಂಗಿಲ್ಲ. ಇಷ್ಟನ್ನ ಹಂಗಂಗ ಹೇಳು ನಿಮ್ಮೋರಿಗೆ."

ಮರಿಬಸಪ್ಪ ತಲೆಯಾಡಿಸಿದ. ಪ್ರಾಮಾಣಿಕವಾದ ಆ ಮಾತೇ ಅವನಿಗೆ ಸಿಟ್ಟು ತರಿಸಿತು.

"ಅಪ್ಪ ಹೆಂಗದಾನ?" ಎಂದ ಹೊನ್ನೂರಪ್ಪ. "ಜಟಕಾದಾಗ ಕೂತ್ರ ದಾರಿ ಪೂರ್ತಿ ನಿನ್ನ ಮಾತ. ನನ್ನ ಮಗ ಎಲ್ಲಿ ತಪ್ಪತಾನ ನೀನ ಹೇಳು, ಅವನಿಗೆ ಎಡಗಾಲು ಯಾಕ ಬರವಲ್ದು, ಅಂತ ಜೀವ ತಿಂತಿದ್ದ. ನಿನ್ನ ಆ ಎರಡು ಗೋಲಿನ ದಿನ ಕಂಟೋನ್ಮೆಂಟಿನಿಂದ ಬಳ್ಳಾರ್ಯಾಗಿನ ನಮ್ಮ ಮನಿ ತನಕ ಅದನ್ನ ಹೇಳಿದ."

ಮರಿಬಸಪ್ಪನಿಗೆ ಸಂತೋಷವಾಗಬೇಕಿತ್ತು. ಬದಲಿಗೆ ಎದೆಯಲ್ಲಿ ಕೆಂಡ ಇಟ್ಟಂತಾಯಿತು. ತಾನು ವರ್ಷಗಟ್ಟಲೆ ಕಾದಿದ್ದ ಮಾತು ಇಷ್ಟು ದಿನ ಈ ಮನುಷ್ಯನ ಕಿವಿಗೆ ಬೀಳುತ್ತಿತ್ತು. ತನ್ನ ಹೊಗಳಿಕೆಯನ್ನೂ ಇವನೇ ಉಂಡಿದ್ದ. ಮಜ್ಜಿಗೆ ಅರ್ಧಕ್ಕೆ ಬಿಟ್ಟು ಎದ್ದ.

ಮರುದಿನ ಎರ್ರಣ್ಣನ ಮುಂದೆ ನಿಂತು ಹೇಳಿದ: "ಕಾಲು ಪೂರಾ ಹೋಗೇತ್ರಿ. ಬಾಗಲದಿಂದ ಬೀದಿಗೆ ಬರಾಕ ಕೋಲು ಹಿಡೀತಾನ. ಆಸೆ ಬಿಡ್ರಿ."

ಮಾತು ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಮೈಲಾರಪ್ಪನಿಗೂ ಅದನ್ನೇ ಹೇಳಿದ. ಮುದುಕ, "ಕೋಲು ಹಿಡೀತಾನೇನು ಪಾಪ," ಎಂದ. ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಅದನ್ನೂ ಮರಿಬಸಪ್ಪ ಲೆಕ್ಕ ಹಿಡಿದ. ತನಗೆ ಜ್ವರ ಬಂದಾಗ ಅಪ್ಪ ಊಟ ಬಿಟ್ಟದ್ದು ಅವನಿಗೆ ನೆನಪಿರಲಿಲ್ಲ.

ಸಿರುಗುಪ್ಪದ ಆಟ ಭತ್ತ ಕೊಯ್ದ ಗದ್ದೆಯಲ್ಲಿ. ಕೂಳೆ ಕಿತ್ತು, ಮಟ್ಟಸ ಮಾಡಿ, ಸುಣ್ಣದ ಗೆರೆ ಎಳೆದಿದ್ದರು. ತೆಕ್ಕಲಕೋಟೆ, ಸಿರಿಗೇರಿಯಿಂದೆಲ್ಲ ಬಂಡಿ ಕಟ್ಟಿಕೊಂಡು ಜನ ಬಂದಿದ್ದರು. ಬ್ರೂಸ್‌ಪೇಟೆ ಎರಡು ಆಟ ಗೆದ್ದು ಕೊನೆಯ ಆಟಕ್ಕೆ ಬಂತು. ಎದುರು ಕಂಟೋನ್ಮೆಂಟ್. ಮೊದಲರ್ಧದಲ್ಲೇ ಅವರು ಒಂದು ಗೋಲು ಹೊಡೆದರು.

ವಿರಾಮದಲ್ಲಿ ಮರಿಬಸಪ್ಪ ನೀರು ಕುಡಿಯುತ್ತಿದ್ದಾಗ ಎರ್ರಣ್ಣನ ಮುಖ ಬದಲಾಯಿತು. ಗದ್ದೆಯ ಬದುವಿನ ಮೇಲೆ, ತಂಡದ ಜೊತೆ ಬಂದಿದ್ದ ಮೈಲಾರಪ್ಪನ ಕೈ ಹಿಡಿದು ಹೊನ್ನೂರಪ್ಪ ನಡೆದು ಬರುತ್ತಿದ್ದ. ಆಟ ನೋಡಲು ಕುರುಗೋಡಿನಿಂದ ಬಂದವನು. ಕೈಯಲ್ಲಿ ಕೋಲಿರಲಿಲ್ಲ. ಕಾಲುವೆಯನ್ನು ಸಲೀಸಾಗಿ ಹಾರಿ, ತಿರುಗಿ ಮುದುಕನನ್ನು ದಾಟಿಸಿದ.

"ಏನಪ ಹೊನ್ನೂರಪ್ಪ," ಎಂದರು ಎರ್ರಣ್ಣ. "ಕೋಲು ಹಿಡೀತಿ ಅಂತ ಕೇಳಿದ್ದೆ?"

ಹೊನ್ನೂರಪ್ಪ ಮರಿಬಸಪ್ಪನನ್ನು ನೋಡಿದ. ಮರಿಬಸಪ್ಪ ನೆಲ ನೋಡಿದ.

"ಆಗ ಹಿಡಿದಿದ್ದೆನ್ರಿ. ಈಗ ಸ್ವಲ್ಪ ಆರಾಮೈತಿ," ಎಂದು ಹೊನ್ನೂರಪ್ಪ, ಮರಿಬಸಪ್ಪನ ಹತ್ತಿರ ಬಂದು ದನಿ ತಗ್ಗಿಸಿದ. "ಅವರ ಗೋಲು ಕಾಯೋ ಓಬಳೇಶ ಹತ್ತು ವರ್ಷ ನನ್ನ ಹಿಂದ ನಿಂತಾವ. ನೀ ಕಾಲು ಎತ್ತೂದ ತಡ, ತನ್ನ ಬಲಗಡಿಗೆ ಬೀಳ್ತಾನ. ಒಂದು ಉಸುರು ತಡಿ. ಅವ ಬಿದ್ದ ಮ್ಯಾಲೆ ಇನ್ನೊಂದು ಕಡಿಗೆ ಸುಮ್ನ ತಳ್ಳು."

ಆಟ ಮುಗಿಯಲು ಐದು ನಿಮಿಷವಿದ್ದಾಗ ಚೆಂಡು ಮರಿಬಸಪ್ಪನಿಗೆ ಸಿಕ್ಕಿತು. ಮುಂದೆ ಓಬಳೇಶ ಒಬ್ಬನೇ. ಜನ ಎದ್ದು ನಿಂತರು. ಒಂದು ಉಸಿರು ತಡಿ ಎಂದದ್ದು ಅವನ ಕಿವಿಯಲ್ಲಿ ಇನ್ನೂ ಇತ್ತು. ತಡೆದರೆ ಗೋಲು. ಆದರೆ ಅದು ಯಾರ ಗೋಲು? ನಾಳೆ ಊಟಕ್ಕೆ ಕೂತಾಗ ಅಪ್ಪ ಯಾರ ಹೆಸರು ಹೇಳುತ್ತಾನೆ? ಮರಿಬಸಪ್ಪ ತಡೆಯಲಿಲ್ಲ. ಇದ್ದ ಬಲವನ್ನೆಲ್ಲ ಹಾಕಿ, ಓಬಳೇಶನ ಬಲಗಡೆಗೇ ಒದ್ದ. ಓಬಳೇಶ ಆಗಲೇ ಅಲ್ಲಿ ಬಿದ್ದಿದ್ದ. ಚೆಂಡು ಅವನ ಎದೆಗೆ ಬಡಿದು ನಿಂತಿತು.

ಕಪ್ಪು ಕಂಟೋನ್ಮೆಂಟಿಗೆ ಹೋಯಿತು.

ಜನ ಚದುರಿದ ಮೇಲೆ ಮೈಲಾರಪ್ಪ ಮಗನ ಪಕ್ಕ ಬದುವಿನ ಮೇಲೆ ಬಂದು ಕೂತ.

"ಅವ ಹೇಳಿದ್ದು ನನಗೂ ಕೇಳಿಸ್ತು. ನಿನಗ ಕೇಳಿಸ್ಲಿಲ್ಲೇನು?"

"ಕೇಳಿಸ್ತು."

"ಮತ್ತ ಯಾಕ ಹಂಗ ಒದ್ದಿ?"

"ಅವ ಹೇಳಿದ್ದು ಅಂತನ."

ಮುದುಕ ಮಗನ ಮುಖವನ್ನು ಮೊದಲ ಸಲ ನೋಡುವವನಂತೆ ನೋಡಿದ. "ಕೋಲಿನ ಮಾತೂ ಹಿಂಗ ಏನು?"

"ಹೂಂ ಅಪ್ಪ. ನನ್ನ ಮುಂದ ನಿನ್ನ ಬಾಯಾಗ ಒಂದು ದಿನಾನೂ ನನ್ನ ಹೆಸರು ಬರಲಿಲ್ಲ."

"ನಿನ್ನ ಮುಂದ ಹೊಗಳಿದ್ರ ಕೆಡ್ತೀ ಅಂತ ತಿಳಕೊಂಡಿದ್ದೆ," ಎಂದ ಮೈಲಾರಪ್ಪ. "ನಾನೂ ತಪ್ಪಿದೆ. ಅದಕ್ಕ ಆ ಮನಷ್ಯಾನ ಆಟ ತಪ್ಪಿಸಬೇಕಾಗಿತ್ತೇನು ನೀನು?"

ಬಸ್ಸು ಹೊರಡುವ ಮೊದಲೇ ಮರಿಬಸಪ್ಪ ಎರ್ರಣ್ಣನಿಗೆ ಎಲ್ಲ ಹೇಳಿದ. ಎರ್ರಣ್ಣ ಬೈಯಲಿಲ್ಲ. ವಾರದೊಳಗೆ ಕ್ಯಾಪ್ಟನ್‌ಗಿರಿ ಸುಂಕಪ್ಪ ಎಂಬ ಇನ್ನೊಬ್ಬ ಆಟಗಾರನಿಗೆ ಹೋಯಿತು. ಹೊನ್ನೂರಪ್ಪನನ್ನು ಕರೆತರುವುದೆಂದು ಕಮಿಟಿಯ ಐವರೂ ಒಪ್ಪಿದರು. "ಹೋಗಿ ಕರಿಯೋನು ಮಾತ್ರ ನೀನ," ಎಂದರು ಎರ್ರಣ್ಣ.

ಎರಡನೇ ಸಲ ಕುರುಗೋಡಿಗೆ ಹೋದಾಗ ಉಚ್ಚೆಂಗೆಮ್ಮ ಮಜ್ಜಿಗೆ ಕೊಡಲಿಲ್ಲ. ಹೊನ್ನೂರಪ್ಪ ಕೂರು ಎನ್ನಲೂ ಇಲ್ಲ.

"ತಪ್ಪಾತಣ್ಣ," ಎಂದ ಮರಿಬಸಪ್ಪ. ಅಣ್ಣ ಎಂದು ಅವನನ್ನು ಕರೆದದ್ದು ಅದೇ ಮೊದಲು.

"ಅವತ್ತು ಸಿರುಗುಪ್ಪದಾಗ ನಿನ್ನ ಮರ್ಯಾದಿ ಉಳಿಸಾಕ ಸುಳ್ಳು ಹೇಳಿದೆ ಅಂದ್ಕೊಂಡಿಯಾ?" ಹೊನ್ನೂರಪ್ಪನ ದನಿ ಗಡುಸಾಗಿತ್ತು. "ಮುದುಕ ಪಕ್ಕದಾಗ ನಿಂತಿದ್ದ, ಅದಕ್ಕ. ನನ್ನಪ್ಪ ನಾನು ಮೂರು ವರ್ಷದವ ಇದ್ದಾಗ ಸತ್ತ. ಜಟಕಾದಾಗ ಕುಂತು ನಿನ್ನ ಹೆಸರು ಕೇಳಿ ಕೇಳಿ ನನಗ ಹೊಟ್ಟಿ ಉರೀತಿತ್ತು. ಎಷ್ಟೋ ಸಲ ಅರ್ಧ ದಾರ್ಯಾಗ ಇಳಿದು ನಡಕೊಂತ ಹೋಗೀನಿ, ಕೇಳಲಾರದ."

ಆಮೇಲೆ ಹೊನ್ನೂರಪ್ಪ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ. "ನಡಿ. ಆದ್ರ ನಾನು ಹೇಳಿದಂಗ ಚೆಂಡು ಕೊಡಬೇಕು. ನಿನಗ ಬೇಕಾದಂಗಲ್ಲ."

ಹೊನ್ನೂರಪ್ಪ ಬ್ರೂಸ್‌ಪೇಟೆಗೆ ಎರಡು ವರ್ಷ ಆಡಿದ. ನಡುವಿನ ಜಾಗ ಅವನದಾಯಿತು, ಎಡಗಡೆಯ ಜಾಗ ಮರಿಬಸಪ್ಪನದು. ಎಡಗಾಲಿನಲ್ಲಿ ಒದೆಯಲು ಮರಿಬಸಪ್ಪ ಮೂವತ್ತರ ಹೊಸ್ತಿಲಲ್ಲಿ ಕಲಿತ. ತಾನು ಕೊಟ್ಟ ಚೆಂಡನ್ನು ಹೊನ್ನೂರಪ್ಪ ಗೋಲಿಗೆ ಹಾಕಿ, ಜನ ಅವನ ಹೆಸರು ಕೂಗಿದಾಗಲೆಲ್ಲ ಮರಿಬಸಪ್ಪನಿಗೆ ಒಳಗೆ ಚುರುಕ್ ಎನ್ನುತ್ತಿತ್ತು. ಅದು ಕೊನೆಯ ತನಕ ಹೋಗಲಿಲ್ಲ. ಚುರುಕ್ ಎಂದಾಗ ತಡಮಾಡದೆ ತನ್ನ ಜಾಗಕ್ಕೆ ಓಡಿಹೋಗಿ, ಮುಂದಿನ ಚೆಂಡಿಗೆ ಕಾಯುವುದನ್ನು ಮಾತ್ರ ರೂಢಿ ಮಾಡಿಕೊಂಡ.