ಹೊಳೆಯಾಚೆಯ ತವರು

ನಾನೊಂದು ಹರಗೋಲು. ಹುಟ್ಟಿದ್ದು ಕೃಷ್ಣಾ ನದಿಯ ದಂಡೆಯ ಮೇದಾರ ಓಣಿಯಲ್ಲಿ. ಬಿದಿರು ಸೀಳಿ, ದೊಡ್ಡ ಬುಟ್ಟಿಯಂತೆ ನೇಯ್ದು, ತಳಕ್ಕೆ ತಾಡಪತ್ರಿ ಹೊಲಿದು, ಬಿಸಿ ಡಾಂಬರು ಬಳಿದಾಗ ಮೈಯೆಲ್ಲ ಉರಿದುಹೋಯಿತು. ದೋಣಿಗಾದರೆ ಮೂತಿಯಿದೆ, ಬಾಲವಿದೆ. ನನಗೆ ಎರಡೂ ಇಲ್ಲ. ಗುಂಡಗಿದ್ದೇನೆ, ಗಿರಗಿರ ತಿರುಗುತ್ತೇನೆ. ನಗುವವರು ನಗಲಿ. ನಮ್ಮ ಹೊಳೆಯ ಬಂಡೆಗಳ ನಡುವೆ ಆ ದೋಣಿ ಒಮ್ಮೆ ಬರಲಿ, ನೋಡೋಣ!

ನನ್ನನ್ನು ಒಯ್ದವನು ಅಂಬಿಗರ ಹುಸೇನಪ್ಪ. ನಡುಹೊಳೆಯಲ್ಲಿ ಜಾಲಿಗಡ್ಡೆ ಎಂಬ ಪುಟ್ಟ ನಡುಗಡ್ಡೆ. ಅಲ್ಲಿನವರನ್ನು ದಂಡೆಗೆ ದಾಟಿಸುವುದು ಅವನ ಕಸುಬು. ಆಡು, ಗೊಬ್ಬರದ ಚೀಲ, ಮದುಮಕ್ಕಳು, ಯಾರನ್ನೂ ಬೇಡವೆನ್ನದೆ ಹೊತ್ತೆ. ಹೊರುತ್ತ ಹೊರುತ್ತ ಒಂದು ಸಂಗತಿ ತಿಳಿಯಿತು. ದಂಡೆಯ ಊರಿನಲ್ಲಿ ದವಾಖಾನೆ ಇದೆ, ಆಂಬುಲೆನ್ಸ್ ಇದೆ, ಲಸಿಕೆ ಮನೆ ಬಾಗಿಲಿಗೇ ಬರುತ್ತದೆ. ಗಡ್ಡೆಯಲ್ಲಿ ಜ್ವರ ಬಂದರೆ ಹೊಳೆ ಇಳಿಯುವವರೆಗೆ ಕಾಯಬೇಕು. ದಂಡೆಯಲ್ಲಿ ಒಗ್ಗರಣೆ ಹಾಕಿದರೆ ಗಡ್ಡೆಯಲ್ಲಿ ಸೀನು ಬರುತ್ತದೆ, ಅಷ್ಟು ಹತ್ತಿರ. ಆದರೂ ದಂಡೆಯಲ್ಲಿ ಬದುಕುವ ಬಾಣಂತಿ ಗಡ್ಡೆಯಲ್ಲಿ ಸಾಯುತ್ತಾಳೆ. ಇದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಒಬ್ಬಳು ನನ್ನ ಮಡಿಲಲ್ಲೇ ಸತ್ತಳು. ಗಡ್ಡೆಯ ಹುಲಿಗೆಮ್ಮನ ಹಿರಿಸೊಸೆ ನರಸಮ್ಮ. ಬಸುರಿ ಹೊಳೆ ದಾಟಬಾರದು ಎಂಬುದು ಅಲ್ಲಿನ ಹಳೆಯ ನಂಬಿಕೆ. ನೋವು ಅವಳನ್ನು ಹಿಂಡಿ ಹಿಪ್ಪೆ ಮಾಡಿದ ಮೇಲೆ ತಂದು ಮಲಗಿಸಿದರು. ನಡುನೀರಿನಲ್ಲಿ ಉಸಿರು ನಿಂತಿತು.

"ಹೊಳಿ ದಾಟಿಸಿದ್ದಕ್ಕ ಗಂಗವ್ವ ಮುನದ್ಲು" ಎಂದು ಹುಲಿಗೆಮ್ಮ ಎದೆ ಬಡಿದುಕೊಂಡಳು. ಅಯ್ಯೋ ಹುಚ್ಚವ್ವಾ, ದಾಟಿಸಿದ್ದಕ್ಕಲ್ಲ, ತಡವಾಗಿ ದಾಟಿಸಿದ್ದಕ್ಕೆ! ಆದರೆ ಹರಗೋಲಿನ ಮಾತು ಯಾರಿಗೆ ಕೇಳುತ್ತದೆ?

ಆಮೇಲೆ ದಂಡೆಯ ದವಾಖಾನೆಗೆ ನರ್ಸ್ ರೂತಮ್ಮ ಬಂದಳು. ನೀರೆಂದರೆ ಅವಳಿಗೆ ಜೀವವೇ ಹೋಗುತ್ತಿತ್ತು. ಗಡ್ಡೆಯ ಬಸುರಿಯರು ತಪಾಸಣೆಗೆ ಬರುವುದಿಲ್ಲ ಎಂದು ಹುಸೇನಪ್ಪ ಹೇಳಿದಾಗ, "ಅವ್ರು ಬರಲ್ಲಂದ್ರ ನಾ ಹೋಗ್ತೀನಿ, ನಡಿ" ಎಂದವಳೇ ಕಣ್ಣು ಮುಚ್ಚಿ ನನ್ನೊಳಗೆ ಕೂತಳು. ದಾರಿಯುದ್ದಕ್ಕೂ "ಯೇಸಪ್ಪಾ, ಯೇಸಪ್ಪಾ" ಎಂದು ನನ್ನ ಅಂಚನ್ನು ಹಿಡಿದುಕೊಂಡಿದ್ದಳು.

"ಸಿಸ್ಟರ್, ಹಂಗ ಜಗ್ಗಬ್ಯಾಡ್ರಿ, ಯೇಸಪ್ಪಗೂ ಈಜಾಕ ಬರಬೇಕಾಗ್ತದ" ಎಂದು ಹುಸೇನಪ್ಪ ನಕ್ಕ. ಅವಳು ಬೈದಳು. ಆದರೆ ಮುಂದಿನ ವಾರವೂ ಬಂದಳು, ಅದರ ಮುಂದಿನ ವಾರವೂ ಬಂದಳು.

ಹಾಗೆ ಬರುತ್ತಿರುವಾಗಲೇ ಹುಲಿಗೆಮ್ಮನ ಕಿರಿಸೊಸೆ ಆದೆಮ್ಮನನ್ನು ನೋಡಿದ್ದು. ದಿನ ತುಂಬುತ್ತ ಬಂದ ಬಸುರಿ. ಕಾಲು, ಮುಖ ಊದಿಕೊಂಡಿದ್ದವು. ರೂತಮ್ಮ ಬಿಪಿ ನೋಡಿದಳು, ಮತ್ತೊಮ್ಮೆ ನೋಡಿದಳು, ಮುಖ ಸಣ್ಣದು ಮಾಡಿಕೊಂಡಳು.

"ಯವ್ವಾ, ಇಕಿನ್ನ ದವಾಖಾನಿ ಹತ್ರ ಇಡಬೇಕು. ಮ್ಯಾಲಿನ ಡ್ಯಾಮಿನ ನೀರು ಬಿಟ್ರ ದಾಟಾಕ ಆಗಂಗಿಲ್ಲ. ಇಲ್ಲೇ ಬಿಟ್ರ ತಾಯಿನೂ ದಕ್ಕಲ್ಲ, ಕೂಸೂ ದಕ್ಕಲ್ಲ."

"ಒಬ್ಬಾಕಿನ್ನ ಹೊಳಿಗೆ ಕೊಟ್ಟೀನಿ, ಇನ್ನೊಬ್ಬಾಕಿನ್ನ ಕೊಡಲ್ಲ" ಎಂದಳು ಹುಲಿಗೆಮ್ಮ.

"ದಂಡಿ ಊರಿಂದ ಬಂದ ಸೊಸ್ತೇರು ಹೆರಾಕ ಹೊಳಿ ದಾಟಿ ಹೋಗ್ತಾರಲ್ಲ?"

"ಅವ್ರು ತವರಿಗೆ ಹೋಗ್ತಾರ. ತವರವ್ರು ಬಂದು ಕರದ್ರ ಗಂಗವ್ವನೂ ದಾರಿ ಬಿಡ್ತಾಳ. ಇಕಿ ಈ ಗಡ್ಡ್ಯಾಗ ಹುಟ್ಟಿದಾಕಿ, ತಾಯಿಲ್ಲದ ಪರದೇಶಿ. ದಂಡಿ ಮ್ಯಾಲ ಇಕಿಗೆ ಯಾರದಾರ?"

ವಾಪಸು ಬರುವಾಗ ರೂತಮ್ಮ ನನ್ನ ಅಂಚು ಹಿಡಿಯಲಿಲ್ಲ. ನೀರಿನ ಭಯವನ್ನೇ ಮರೆತು ಏನೋ ಲೆಕ್ಕ ಹಾಕುತ್ತಿದ್ದಳು.

ಮರುದಿನ ಬೆಳಿಗ್ಗೆ ಬಂದವಳನ್ನು ನೋಡಿ ಹುಸೇನಪ್ಪ ಬಾಯಿ ಬಿಟ್ಟ. ಬಿಳಿ ಕೋಟು ಇಲ್ಲ. ರೇಷ್ಮೆ ಸೀರೆ ಉಟ್ಟಿದ್ದಳು. ಬುಟ್ಟಿಯಲ್ಲಿ ಹಸಿರು ಸೀರೆ, ಬಳೆ, ತೆಂಗಿನಕಾಯಿ, ಒಂದು ಡಬ್ಬಿ ಉಂಡೆ. ಹೊಳೆ ಆಗಲೇ ಕೆಂಪಾಗಿ ಏರತೊಡಗಿತ್ತು. ಬೇಗ ಹುಟ್ಟು ಹಾಕು ಎಂದಳು.

ಹುಲಿಗೆಮ್ಮನ ಅಂಗಳದಲ್ಲಿ ಬುಟ್ಟಿ ಇಳಿಸಿ ಹೇಳಿದಳು: "ಬೀಗತಿ, ನಾನು ಆದೆಮ್ಮನ ತವರಾಕಿ. ಮಗಳನ್ನ ಬಾಣಂತನಕ್ಕ ಕರಕೊಂಡು ಹೋಗಾಕ ಬಂದೀನಿ. ನನ್ನ ಮನಿ ದವಾಖಾನಿ ಮಗ್ಗುಲಕೇ ಐತಿ."

"ನೀ ಯಾವ ಮತ, ನಾವ್ ಯಾವ ಮತ..." ಹುಲಿಗೆಮ್ಮ ತಡವರಿಸಿದಳು.

"ಅದೆಲ್ಲ ಕೂಸು ಹುಟ್ಟಿದ ಮ್ಯಾಲ ಜಗಳಾಡೋಣು. ಕಳಿಸ್ತೀಯೋ ಇಲ್ಲೋ? ಕರಿಯಾಕ ಬಂದವ್ರನ್ನ ಬರಿಗೈಲಿ ಕಳಿಸೋ ಮನೆತನ ಏನು ನಿಂದು?"

ಆದೆಮ್ಮ ಬಾಗಿಲ ಮರೆಯಲ್ಲಿ ಬಿಕ್ಕಿದಳು. "ಅತ್ತಿ, ನಂಗ ಬದುಕಬೇಕಂತ ಐತಿ."

ಹುಲಿಗೆಮ್ಮ ಒಳಗೆ ಹೋದಳು. ಅಕ್ಕಿ, ಕೊಬ್ಬರಿ, ಅರಿಶಿನ ಕುಂಕುಮ ತಂದು ಸೊಸೆಯ ಉಡಿ ತುಂಬಿದಳು. ಆಮೇಲೆ ತಾನೂ ಬಂದು ನನ್ನೊಳಗೆ ಕೂತು ಆದೆಮ್ಮನನ್ನು ತೆಕ್ಕೆಯಲ್ಲಿ ಹಿಡಿದಳು. ಹೊಳೆ ನನ್ನನ್ನು ಎಳೆದಾಡಿತು. ಒಳಗಿನ ಬಿದಿರು ಪಟಪಟ ಸೀಳಿತು. ಸೀಳಲಿ! ಈ ಸಲ ಒಬ್ಬಳನ್ನೂ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿ ತೇಲಿದೆ. ಹುಸೇನಪ್ಪನ ತೋಳೂ ಅದನ್ನೇ ಹೇಳುತ್ತಿತ್ತು. ದಂಡೆ ಮುಟ್ಟಿದೆವು.

ಸಂಜೆಯೊಳಗೆ ಗಡ್ಡೆಯ ದಾರಿ ಮುಚ್ಚಿಹೋಯಿತು. ಅದೇ ವಾರ ಆದೆಮ್ಮನಿಗೆ ಫಿಟ್ಸ್ ಬಂತು. ಆಂಬುಲೆನ್ಸ್ ಬಾಗಿಲಲ್ಲೇ ಇತ್ತು, ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ಕುಯ್ದು ಕೂಸನ್ನು ತೆಗೆದರು. ಹೆಣ್ಣು ಕೂಸು. ಇಬ್ಬರೂ ದಕ್ಕಿದರು.

ಆ ದಿನದ ಸೀಳು ನನಗೆ ವಾಸಿಯಾಗಲಿಲ್ಲ. ಹುಸೇನಪ್ಪ ಹೊಸ ಹರಗೋಲು ಮಾಡಿಸಿದ, ನನ್ನನ್ನು ರೂತಮ್ಮನ ಹಿತ್ತಲಿಗೆ ಕೊಟ್ಟ. ಈಗ ಗೋಡೆಗೆ ಒರಗಿ ಕೂತಿದ್ದೇನೆ. ಒಳಗೆ ಕೋಳಿ ಮೊಟ್ಟೆ ಇಡುತ್ತದೆ. ಸೇತುವೆ ಬರುತ್ತದಂತೆ. ಬರಲಿ, ನಾಳೆಯೇ ಬರಲಿ, ನನ್ನ ಕುಲದವರಿಗೆಲ್ಲ ಕೆಲಸ ತಪ್ಪಲಿ. ನಾನು ಮಾತ್ರ ಕುಣಿದಾಡುತ್ತೇನೆ. ಅಲ್ಲಿಯವರೆಗೆ ಗಡ್ಡೆಯ ಬಸುರಿಯರು ಹೊಳೆ ಏರುವ ಮೊದಲೇ ಈ ಮನೆಗೆ ಬರುತ್ತಾರೆ.

ನಿನ್ನೆ ಹುಲಿಗೆಮ್ಮ ಬಂದಿದ್ದಳು. ಜೊತೆಗೊಬ್ಬಳು ಬಸುರಿ, ಗಡ್ಡೆಯಲ್ಲಿ ಇಟ್ಟಿಗೆ ಸುಡಲು ದೂರದಿಂದ ಬಂದವಳು, ಹುಲಿಗೆಮ್ಮನಿಗೆ ನಂಟೇನೂ ಅಲ್ಲದವಳು.

"ಯಾರಿಕಿ?" ಎಂದು ರೂತಮ್ಮ ಕೇಳಿದಳು.

"ನನ್ನ ಮಗಳು" ಎಂದಳು ಹುಲಿಗೆಮ್ಮ. "ಇಕಿಗೆ ನಾನೇ ತವರಾಕಿ. ಜಾಗ ಮಾಡು."

ರೂತಮ್ಮ ಒಳಗೆ ಹೋಗಿ ಇನ್ನೊಂದು ಚಾಪೆ ಹಾಸಿದಳು.