ಮೊಂಡು ಅನ್ನಿಸಿಕೊಂಡ ಕತ್ತಿ

ನಾನೊಂದು ಕ್ಷೌರದ ಕತ್ತಿ. ಉಳಿದ ಕಥೆಯನ್ನೆಲ್ಲ ಆಮೇಲೆ ಹೇಳುತ್ತೇನೆ, ಮೊದಲು ಇದೊಂದನ್ನು ಕೇಳಿಸಿಕೊಳ್ಳಿ: ನಾನು ಮೊಂಡಾಗಿಲ್ಲ. ಗದಗಿನ ಈ ಓಣಿಯಲ್ಲಿ ಯಾರನ್ನು ಬೇಕಾದರೂ ಕೇಳಿ, "ಅಡಿವೆಪ್ಪನ ಹಳೇ ಕತ್ತಿ ಮೊಂಡಾತಂತ್ರಿ" ಅನ್ನುತ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿ ಹೋಗಿದೆ. ನನ್ನನ್ನು ಮುಟ್ಟಿ ನೋಡಿದವರು ಒಬ್ಬರಾದರೂ ಇದ್ದಾರೆಯೇ? ಇಲ್ಲ.

ನಾನು ಹುಟ್ಟಿದ್ದು ಕಂಬಾರ ಮೌನೇಶಪ್ಪನ ಕುಲುಮೆಯಲ್ಲಿ. ಹಳೇ ಲಾರಿಯೊಂದರ ಉಕ್ಕಿನ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಬಡಿದು, ಎಣ್ಣೆಯಲ್ಲಿ ಅದ್ದಿ, ನಾಲ್ಕು ದಿನ ಕಲ್ಲಿನ ಮೇಲೆ ತಿಕ್ಕಿ ಅವನು ನನಗೆ ಅಲಗು ಬಿಡಿಸಿದ. ಮಡಚಿ ಇಡಲು ಎಮ್ಮೆ ಕೊಂಬಿನ ಹಿಡಿ ಕೂಡಿಸಿದ. "ಒಣಗಿಸಿ ಇಟ್ಕೋ, ದಿನಾ ತೊಗಲಿನ ಮ್ಯಾಲ ಮಸಿ, ನಿನ್ನ ಮೊಮ್ಮಕ್ಕಳ ಕಾಲದತನಕಾ ಇರ್ತೈತಿ" ಎಂದು ಹೇಳಿ ಫಕೀರಪ್ಪ ಹಡಪದನ ಕೈಗಿಟ್ಟ.

ಫಕೀರಪ್ಪನಿಗೆ ಆಗ ಅಂಗಡಿ ಇರಲಿಲ್ಲ. ಹತ್ತಿ ಮಾರ್ಕೆಟ್ಟಿನ ಹತ್ತಿರ ಬೇವಿನ ಮರದ ಬುಡದಲ್ಲಿ ಕೂರುತ್ತಿದ್ದ. ನನ್ನ ಲೋಕವೆಂದರೆ ಗಲ್ಲ, ಗದ್ದ, ಮೂಗಿನ ಹೊಳ್ಳೆ. ಮನುಷ್ಯರನ್ನು ನಾನು ಯಾವಾಗಲೂ ಕೆಳಗಿನಿಂದಲೇ ನೋಡಿದವನು. ಎಂಥ ಗತ್ತಿನ ಮನುಷ್ಯನೂ ನಾನು ಗಂಟಲಿನ ಹತ್ತಿರ ಬಂದಾಗ ಉಸಿರು ಬಿಗಿಹಿಡಿದು ಕೂರುತ್ತಾನೆ. ಫಕೀರಪ್ಪನಿಗೆ ವಯಸ್ಸಾದ ಮೇಲೆ ನಾನು ಅವನ ಮಗ ಅಡಿವೆಪ್ಪನ ಪಾಲಿಗೆ ಬಂದೆ. ಗಡಿಗೆಯ ಹೊಟ್ಟೆಗೆ ನೊರೆ ಹಚ್ಚಿ, ಅದರ ಮೇಲೆ ನನ್ನನ್ನು ಆಡಿಸಿ ಕೈ ಪಳಗಿಸಿಕೊಂಡವನು ಈ ಅಡಿವೆಪ್ಪ. ಆಮೇಲೆ ಅವನು ಅಂಗಡಿ ಹಾಕಿದ, ಕನ್ನಡಿ ತಂದ, ತಿರುಗುವ ಕುರ್ಚಿ ತಂದ. ಕುರ್ಚಿಯ ಪಕ್ಕದ ಗೋಡೆಗೆ ಚರ್ಮದ ಪಟ್ಟಿ ತೂಗುಹಾಕಿದ. ಪ್ರತಿ ಗಿರಾಕಿಗೂ ಮೊದಲು ಆ ಪಟ್ಟಿಯ ಮೇಲೆ ನನ್ನನ್ನು ಮೇಲೆ ಕೆಳಗೆ ಸರ್ರ್ ಸರ್ರ್ ಎಂದು ಮಸೆಯುತ್ತಿದ್ದ. ಆ ಸದ್ದು ಓಣಿಯ ತುದಿಗೆ ಕೇಳುತ್ತಿತ್ತು. ಆ ದಿನಗಳ ಸುಖವನ್ನು ಹೇಳಿ ಮುಗಿಸಲಾರೆ.

ಆಮೇಲೆ ಬಂತಪ್ಪ ಆ ಬ್ಲೇಡ್ ಹಾಕುವ ಕತ್ತಿ! ನೋಡಲು ನನ್ನ ಹಾಗೇ, ಮಡಚುವುದೂ ನನ್ನ ಹಾಗೇ, ಆದರೆ ಒಳಗೆ ಪೊಳ್ಳು. ಸ್ವಂತದ ಅಲಗೇ ಇಲ್ಲ. ಕಾಗದದಲ್ಲಿರುವಾಗಲೇ ಬ್ಲೇಡನ್ನು ಚಟ್ಟನೆ ಎರಡು ತುಂಡು ಮಾಡಿ, ಅರ್ಧವನ್ನು ಅದರ ಹೊಟ್ಟೆಗೆ ತುರುಕಬೇಕು. ಒಂದು ಮುಖ ಮುಗಿದರೆ ಆ ಅರ್ಧ ಡಬ್ಬಿಗೆ. ಮುಂದಿನವನಿಗೆ ಇನ್ನರ್ಧ. ಗಿರಾಕಿಗಳಿಗೂ ಅದೇ ಬೇಕು! "ಕಣ್ಮುಂದ ಹೊಸಾ ಬ್ಲೇಡ್ ಹಾಕ್ರಿ" ಎಂದು ಒಬ್ಬೊಬ್ಬರೂ ಕತ್ತು ಚಾಚಿ ಕೂರುವವರೇ. ರೋಗ ರುಜಿನದ ಭಯ, ಅವರದೂ ತಪ್ಪಲ್ಲ ಅನ್ನಿ. ಆದರೆ ನನ್ನನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದುದು ಯಾರ ಕಣ್ಣಿಗೂ ಬೀಳಲಿಲ್ಲವಲ್ಲ!

ಕೊನೆಗೆ ನನ್ನ ಪಾಲಿಗೆ ಉಳಿದವರು ಒಬ್ಬರೇ, ಗದಿಗೆಯ್ಯ ಮಾಸ್ತರು. ನಿವೃತ್ತರಾಗಿ ಹತ್ತು ವರ್ಷವಾದರೂ ಅಂಗಡಿಗೆ ಬಂದರೆ ಹಾಜರಿ ಕರೆಯುವವರ ಹಾಗೆ ಎಲ್ಲರ ಮುಖ ನೋಡುವವರು. "ಆ ಪೊಳ್ಳ ಕತ್ತಿ ನನ್ನ ಗಲ್ಲದ ಹಂತ್ಯಾಕ ತರಬ್ಯಾಡ ಅಡಿವೆಪ್ಪಾ" ಎಂದು ಪ್ರತಿ ಸಲ ಹೇಳಿಯೇ ಕೂರುತ್ತಿದ್ದರು. ನನಗೆ ಅಷ್ಟು ಸಾಕಾಗಿತ್ತು. ವಾರಕ್ಕೆ ಮೂರು ಸಲ ಮಾಸ್ತರು, ಉಳಿದಂತೆ ವಿಶ್ರಾಂತಿ.

ಹೀಗಿರುವಾಗ ಒಂದು ಬುಧವಾರ ಮಾಸ್ತರು ಬಂದು ಕುಳಿತರು. ಅಡಿವೆಪ್ಪ ನನ್ನನ್ನು ಎತ್ತಿಕೊಂಡ, ಪಟ್ಟಿಯ ಕಡೆ ತಿರುಗಿದ, ಕೈ ಎತ್ತಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ಆಮೇಲೆ ನನ್ನನ್ನು ಮಡಚಿ ಕೆಳಗಿಟ್ಟು ಹೇಳಿದ, "ಮಾಸ್ತರ, ಈ ಕತ್ತಿ ಮುಗೀತ್ರಿ. ಮೊಂಡಾಗೇತಿ. ಎಷ್ಟ್ ಮಸದ್ರೂ ಅಲಗ ಹಿಡೀವಲ್ದು. ಇವತ್ತಿನಿಂದ ಬ್ಲೇಡಿಂದ ಮಾಡ್ತೀನಿ."

ನಾನು ದಂಗಾಗಿ ಹೋದೆ. ಮೊಂಡೇ! ಎರಡು ದಿನದ ಹಿಂದೆ ಇದೇ ಮಾಸ್ತರ ಗದ್ದದ ಮೇಲೆ ಬೆಣ್ಣೆಯಲ್ಲಿ ಹೋದ ಹಾಗೆ ಹೋಗಿದ್ದೇನೆ! ಅಪ್ಪನ ಕಾಲದಿಂದ ಅನ್ನ ಹಾಕಿದವನ ಮೇಲೆ ನಾಲ್ಕು ಜನರೆದುರು ಇಂಥ ಅಪವಾದವೇ! ಮಾಸ್ತರು ಮುಖ ಗಂಟಿಕ್ಕಿಕೊಂಡು ಆ ಪೊಳ್ಳು ಕತ್ತಿಯಿಂದಲೇ ಮಾಡಿಸಿಕೊಂಡು ಎದ್ದು ಹೋದರು. ನನಗೆ ಆ ದಿನವೆಲ್ಲ ಮೈ ಉರಿಯಿತು.

ನಿಜ ಗೊತ್ತಾದದ್ದು ಮರುದಿನ ಮಧ್ಯಾಹ್ನ. ಅಡಿವೆಪ್ಪನ ಹೆಂಡತಿ ಶಾಂತವ್ವ ರೊಟ್ಟಿ ಬುತ್ತಿ ತಂದಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಬುತ್ತಿಯ ಜೊತೆಗೆ ಎಣ್ಣೆಯ ಬಾಟಲಿಯನ್ನೂ ತಂದಿದ್ದಳು. ಅವನ ಬಲ ಭುಜಕ್ಕೆ ತಿಕ್ಕುತ್ತ ಶುರು ಮಾಡಿದಳು, "ಭುಜಾ ಹಿಡಕೊಂಡೈತಿ, ಕೈ ಮ್ಯಾಲ ಏಳವಲ್ದು ಅಂತ ಹೇಳಿಬಿಡ್ರಿ ಮಂದಿಗೆ. ಪಾಪ, ಆ ಕತ್ತಿ ಮ್ಯಾಲ ಯಾಕ ಹಾಕ್ತೀರಿ?"

"ಹುಚ್ಚಿ ಇದ್ದಿ ನೀ," ಎಂದ ಅಡಿವೆಪ್ಪ. "ಮೊಣಕೈ ಕೆಳಗ ಎಲ್ಲಾ ಸರಿ ಐತಿ. ದಾಡಿ ಮಾಡಾಕ ಅಷ್ಟ್ ಸಾಕು. ಮಸಿಯಾಕಷ್ಟ ಆಗಂಗಿಲ್ಲ. ಕೈ ಹೋಗೇತಿ ಅಂತ ಸುದ್ದಿ ಆದ್ರ ಯಾವಾಂವ ಬಂದು ಕುತಗಿ ಕೊಡ್ತಾನ? ಯಲ್ಲಪ್ಪಂದು ಏನಾತು, ನೋಡಿಲ್ಲ?"

ಯಲ್ಲಪ್ಪನ ಅಂಗಡಿ ಇದೇ ಓಣಿಯಲ್ಲಿತ್ತು. ಕೈ ನಡುಗುತ್ತದೆ ಎಂದು ಒಬ್ಬ ಗಿರಾಕಿ ಆಡಿದ ಮಾತಿಗೆ ತಿಂಗಳೊಳಗೆ ಅವನ ಕುರ್ಚಿ ಖಾಲಿಯಾಗಿ, ಬಾಗಿಲು ಮುಚ್ಚಿತ್ತು. ಶಾಂತವ್ವ ಅಂಗೈಗೆ ಮತ್ತಷ್ಟು ಎಣ್ಣೆ ಸುರಿದುಕೊಂಡು, "ನಾ ಮಸದು ಕೊಡ್ಲೇನು?" ಎಂದಳು.

"ಅಂಗಡ್ಯಾಗ ಮಂದಿ ಮುಂದ? ನನ್ನ ಮರ್ಯಾದಿ ಪೂರಾ ತಗೀಬೇಕಂತ ಮಾಡಿಯೇನು?"

ಅಂದರೆ ಅವನ ಕೈಯ ಮಾನ ಉಳಿಸಲು ನನ್ನ ಮಾನ ಹೋಗಬೇಕು! ಅನುಕಂಪ ಬರಲಿಲ್ಲವೇ ಅಂದರೆ ಬಂತು. ಆದರೆ ಸಿಟ್ಟೂ ಹೋಗಲಿಲ್ಲ. ಸುಳ್ಳು ಹೇಳುವುದೇ ಆದರೆ ಹಿಡಿ ಸಡಿಲಾಗಿದೆ ಅನ್ನಬಹುದಿತ್ತು, ಮೊಂಡು ಅನ್ನಲೇಬೇಕಿತ್ತೇ?

ಶುಕ್ರವಾರ ಮಾಸ್ತರು ಬಂದವರೇ ಕುರ್ಚಿಯ ಕಡೆ ನೋಡಲೂ ಇಲ್ಲ. "ಆ ಕತ್ತಿ ಕೊಡಿಲ್ಲೆ. ನಾ ಸಾಣಿ ಹಿಡಿಸಿಕೊಂಡು ಬರ್ತೀನಿ" ಎಂದು ಕೈಚಾಚಿದರು. ಅಡಿವೆಪ್ಪ, "ಬ್ಯಾಡ್ರಿ ಮಾಸ್ತರ, ಸುಮ್ನ ನಿಮಗ್ಯಾಕ ತ್ರಾಸು" ಎಂದು ತಡವರಿಸಿದ. ಕೇಳುವ ಜೀವವೇ ಅದು? ನನ್ನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟೇಬಿಟ್ಟರು. ಮಾರ್ಕೆಟ್ಟಿನಲ್ಲಿ ಸಾಣೆ ಹಿಡಿಯುವ ರಜಾಕಸಾಬ ನನ್ನನ್ನು ಬಿಚ್ಚಿ, ತನ್ನ ಮುಂಗೈ ಮೇಲೆ ಒಮ್ಮೆ ಎಳೆದುಕೊಂಡ. ಎಳೆದಷ್ಟು ಜಾಗ ಬೋಳಾಯಿತು.

"ಮಾಸ್ತರ, ಇದಕ್ಕ ಯಾವ ರೋಗಾನೂ ಇಲ್ರಿ. ಇಂಥಾ ಅಲಗ ಈಗ ಎಲ್ಲಿ ಸಿಗ್ತೈತಿ? ಮೊಂಡ ಅಂದಾಂವ ಯಾರು?"

ಆಹಾ, ರಜಾಕಸಾಬ, ನಿನ್ನ ಹೊಟ್ಟೆ ತಣ್ಣಗಿರಲಿ! ಮಾಸ್ತರಿಗೆ ಮಾತ್ರ ತಲೆ ಕೆಟ್ಟಿತು. ಇಷ್ಟು ವರ್ಷದ ಗೆಳೆಯ ತನಗೆ ಸುಳ್ಳು ಹೇಳಿದನಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದರು. "ಎಲ್ಲರ ಮುಂದ ಕೇಳ್ತೀನಿ ಅವನ್ನ" ಎಂದು ಅವರು ಅಂದಾಗ ನಾನು ಜೇಬಿನಲ್ಲಿ ಕುಣಿದೆ. ಮರುಕ್ಷಣವೇ ನನ್ನ ಕುಣಿತ ನಿಂತಿತು. ಎಲ್ಲರ ಮುಂದೆ ಕೇಳಿದರೆ ಅಡಿವೆಪ್ಪ ಏನು ಹೇಳಿಯಾನು? ನನ್ನ ಹೆಸರು ತೊಳೆದುಹೋಗುತ್ತದೆ, ಅವನ ಅಂಗಡಿಗೆ ಬೀಗ ಬೀಳುತ್ತದೆ.

ಅಂಗಡಿಯಲ್ಲಿ ಐದು ಜನ ಇದ್ದರು. ಮಾಸ್ತರು ಹೊಸ್ತಿಲ ಮೇಲೆ ನಿಂತು, ನನ್ನನ್ನು ಎತ್ತಿ ಹಿಡಿದು, "ಅಡಿವೆಪ್ಪಾ!" ಎಂದು ತರಗತಿಯಲ್ಲಿ ಗುಡುಗುವ ಹಾಗೆ ಗುಡುಗಿದರು. ಎಲ್ಲರೂ ತಿರುಗಿ ನೋಡಿದರು. ಅಡಿವೆಪ್ಪ ಆಗ ಮೇಲಿನ ಹಲಗೆಯಿಂದ ಪೌಡರ್ ಡಬ್ಬಿ ತೆಗೆಯುತ್ತಿದ್ದ. ಬಲಗೈ ತಾನಾಗಿ ಮೇಲೇಳದೆ, ಎಡಗೈಯಿಂದ ಬಲ ಮೊಣಕೈಯನ್ನು ಕೆಳಗಿನಿಂದ ಎತ್ತಿ ಹಿಡಿದಿದ್ದ. ತುಟಿ ಕಚ್ಚಿಕೊಂಡಿದ್ದ. ಮಾಸ್ತರ ಕಣ್ಣು ಮೊದಲು ಆ ಕೈ ಮೇಲೆ ಬಿತ್ತು, ಆಮೇಲೆ ಗೋಡೆಯ ಚರ್ಮದ ಪಟ್ಟಿಯ ಮೇಲೆ. ನನ್ನನ್ನು ಹಿಡಿದಿದ್ದ ಅವರ ಬೆರಳು ಸಡಿಲಾದವು.

"ಏನ್ರಿ ಮಾಸ್ತರ?" ಎಂದ ಅಡಿವೆಪ್ಪ.

"ಏನಿಲ್ಲ," ಎಂದರು ಮಾಸ್ತರು. "ನೀ ಹೇಳಿದ್ದ ಖರೇ. ಪೂರಾ ಮೊಂಡಾಗೇತಂತ. ರಜಾಕಸಾಬನೇ ಅಂದ. ಆ ಬ್ಲೇಡಿಂದ ಮಾಡು, ಏನ್ ಮಾಡೋದು."

ಕೇಳಿದಿರಾ? ನಲವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಮಾಡಿದ ಮನುಷ್ಯ! ಪಾಪ, ರಜಾಕಸಾಬನ ಹೆಸರನ್ನೂ ಎಳೆದು ತಂದರು! ನನ್ನ ಪರವಾಗಿ ಇದ್ದ ಒಬ್ಬನೇ ಸಾಕ್ಷಿಯೂ ಹೋದ. ಐದು ಜನ ಹೊರಗೆ ಹೋಗಿ ಐವತ್ತು ಜನರಿಗೆ ಹೇಳಿದರು. ಉಳಿದವರೆಲ್ಲ ಹೋದ ಮೇಲೆ ಮಾಸ್ತರು ನನ್ನನ್ನು ಅಡಿವೆಪ್ಪನ ಮುಂದಿಟ್ಟು ಮೆಲ್ಲಗೆ ಹೇಳಿದರು, "ಮಂಗಳವಾರ ಬರ್ತೀನಿ. ಹಿಂದಿನ ಬಾಗಲಾ ತಗದಿರು."

"ಮಂಗಳವಾರ ಅಂಗಡಿ ಬಂದ್ ಅಲ್ಲೇನ್ರಿ?"

"ಅದಕ್ಕ ಬರ್ತೀನಿ. ಮಸಿಯೋದು ಹೆಂಗಂತ ಹೇಳಿಕೊಡು."

ಅಡಿವೆಪ್ಪ ಟವೆಲಿನಿಂದ ಮುಖ ಒರೆಸಿಕೊಂಡ, ಬಹಳ ಹೊತ್ತು ಒರೆಸಿಕೊಂಡ.

ಅಂದಿನಿಂದ ನನ್ನ ಪಾಡು ಯಾರಿಗೂ ಬೇಡ. ಮಾಸ್ತರಿಗೆ ಮಸೆಯಲು ಬರುವುದಿಲ್ಲ. ಬೆನ್ನು ಮುಂದೆ ಹೋಗಬೇಕು, ಅಲಗು ಹಿಂದೆ ಬರಬೇಕು, ಇಷ್ಟೇ ವಿದ್ಯೆ. ಅದೂ ತಲೆಗೆ ಹೋಗುವುದಿಲ್ಲ. ಮೊದಲ ಮಂಗಳವಾರವೇ ನನ್ನನ್ನು ಉಲ್ಟಾ ಎಳೆದು ಪಟ್ಟಿಗೆ ಎರಡು ಗೀರು ಹಾಕಿದರು. "ಮಾಸ್ತರ, ಉಲ್ಟಾ! ಎಷ್ಟ್ ಸಲ ಹೇಳಬೇಕ್ರಿ? ಬೆನ್ನ ಮುಂದ!" ಎಂದು ಅಡಿವೆಪ್ಪ ಕುರ್ಚಿಯಲ್ಲಿ ಕುಳಿತು ಬೈಯುತ್ತಾನೆ. ಮಾಸ್ತರು ಕಿವಿ ಕೆಂಪಗೆ ಮಾಡಿಕೊಂಡು ಮತ್ತೆ ಮಸೆಯುತ್ತಾರೆ. ಆಮೇಲೆ ಇಬ್ಬರೂ ಜಾಗ ಬದಲಾಯಿಸುತ್ತಾರೆ. ಅಡಿವೆಪ್ಪ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ನನ್ನನ್ನು ಮಾಸ್ತರ ಗಲ್ಲದ ಮೇಲೆ ಇಳಿಸುತ್ತಾನೆ. ಆ ಮಣಿಕಟ್ಟಿನ ಹದ ಎಳ್ಳಷ್ಟೂ ಕೆಟ್ಟಿಲ್ಲ.

ಈಗ ನನ್ನ ವಾಸ ಕನ್ನಡಿಯ ಹಿಂದಿನ ಗೂಡಿನಲ್ಲಿ. ವಯಸ್ಸಾಗಿದೆ, ತಿಕ್ಕಿಸಿಕೊಂಡು ತಿಕ್ಕಿಸಿಕೊಂಡು ಅಗಲ ಅರ್ಧಕ್ಕಿಳಿದಿದೆ. ಇಲ್ಲಿ ಕುಳಿತು ಯೋಚಿಸಿದ್ದೇನೆ: ಒಬ್ಬ ಮನುಷ್ಯನ ಕುರ್ಚಿ ತುಂಬಿರುವುದಾದರೆ ನಾನು ಮೊಂಡು ಅನ್ನಿಸಿಕೊಂಡರೂ ಆದೀತು. ಆದೀತು ಅಂದ ಮಾತ್ರಕ್ಕೆ ಸಿಟ್ಟು ಇಳಿದಿದೆ ಅಂತಲ್ಲ. ಮಾಸ್ತರು ಪ್ರತಿ ಬುಧವಾರ ತುಂಬಿದ ಅಂಗಡಿಗೆ ಬಂದು, ಎಲ್ಲರಿಗೂ ಕಾಣುವ ಹಾಗೆ ಕುರ್ಚಿಯಲ್ಲಿ ಕೂತು, ಮುಖಕ್ಕೆ ನೊರೆ ಹಚ್ಚಿಸಿಕೊಳ್ಳುತ್ತಾರೆ. ಅಡಿವೆಪ್ಪ ಬ್ಲೇಡನ್ನು ಚಟ್ಟನೆ ಮುರಿದು ಆ ಪೊಳ್ಳು ಕತ್ತಿಗೆ ಹಾಕಿ ಸರಸರ ಎಳೆಯುತ್ತಾನೆ. ಮಾಸ್ತರು ಗಲ್ಲ ಸವರಿಕೊಂಡು, "ಏನ ಅನ್ರಿ, ಬ್ಲೇಡಿನ ಕತ್ತಿ ಭಾಳ ಛಲೋ. ಅಡಿವೆಪ್ಪನ ಕೈ ಅಂದ್ರ ಕೈ!" ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳುತ್ತಾರೆ. ಕಾಯುತ್ತ ಕುಳಿತವರು ತಲೆದೂಗುತ್ತಾರೆ. ಆ ಗಲ್ಲದ ಮೇಲೆ ತೆಗೆಯಲು ಒಂದು ಕೂದಲೂ ಇರುವುದಿಲ್ಲ. ಹಿಂದಿನ ದಿನವೇ ಎಲ್ಲವನ್ನೂ ನಾನು ತೆಗೆದಿರುತ್ತೇನೆ.