ಕೈಯೂರದೆ

ಯಂತ್ರದ ಬಾಯಿಂದ ಎಳೆದ ಒದ್ದೆ ಹೊದಿಕೆಗಳ ಗಂಟು ಎದೆಮಟ್ಟಕ್ಕೆ ಬಂದಿತ್ತಷ್ಟೇ, ಅವಳ ತೋಳು ಸೋತು ಅದು ಧೊಪ್ಪನೆ ನೆಲಕ್ಕೆ ಬಿತ್ತು. ಆಸ್ಪತ್ರೆಯ ಒಗೆತದ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಲ್ಲಿನವರ ಬಾಯಲ್ಲಿ ಅವಳ ಹೆಸರೇ ‘ಜಟ್ಟಿ’. ಇಬ್ಬರು ಗಂಡಸರು ಎತ್ತುವ ಗಂಟನ್ನು ಒಬ್ಬಳೇ ಗಾಡಿಗೆಸೆದು, "ಇನ್ನೂ ಇದೆಯೇನ್ರೋ?" ಎಂದು ಛೇಡಿಸುವವಳು.

"ಬಟ್ಟೆ ಜಾಸ್ತಿ ನೀರು ಕುಡಿದಿದೆ," ಎಂದಳು. ಯಾರೂ ನಗಲಿಲ್ಲ. ಗಂಟು ಹಾಗೆ ಕೈಜಾರಿದ್ದು ಅದೇ ಮೊದಲ ಸಲವೂ ಆಗಿರಲಿಲ್ಲ.

ಮೇಲ್ವಿಚಾರಕ ಅವಳಿಗಿಂತ ಚಿಕ್ಕವನು, ದಾಕ್ಷಿಣ್ಯದ ಮನುಷ್ಯ. "ಅಕ್ಕಾ, ಇನ್ಮೇಲೆ ಬಟ್ಟೆ ಮಡಿಸೋ ಮೇಜಿಗೆ ಹೋಗಿಬಿಡಿ," ಎಂದ, ಕಣ್ಣು ತಪ್ಪಿಸಿ.

"ಹೋಗ್ತೀನಿ. ಆದ್ರೆ ನನ್ನ ಜಾಗ ಯಾರಿಗೂ ಕೊಡಬೇಡಪ್ಪ. ವಾಪಸ್ ಬರ್ತೀನಿ," ಎಂದವಳು ಸೀದಾ ಮೇಲಿನ ಮಹಡಿಯ ಡಾಕ್ಟರಮ್ಮನ ಬಳಿ ಹೋದಳು.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು, ತೋಳು ತೊಡೆ ಒತ್ತಿ ನೋಡಿದರು, ಕೈಯೂರದೆ ಕುರ್ಚಿಯಿಂದ ಏಳಲು ಹೇಳಿದರು. ತಿಣುಕಾಡಿ ಎದ್ದಳು.

"ಕುಡೀತೀರಾ?"

"ನಮ್ಮನೆಯವರು..."

"ನಾನು ಕೇಳಿದ್ದು ನಿಮ್ಮನ್ನ."

ಅವಳಿಗೆ ನಗು ಬಂತು. ಇಷ್ಟು ವಯಸ್ಸಿಗೆ ಅವಳನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. "ದಿನಾ ಸಂಜೆ, ಇಬ್ಬರೂ ಜೊತೇಲಿ. ಅವರೆಷ್ಟೋ ನಾನೂ ಅಷ್ಟೇ."

"ತೂಕ ಇಳಿದಿಲ್ಲ, ಅದಕ್ಕೇ ಗೊತ್ತಾಗಿಲ್ಲ ನಿಮಗೆ. ಕುಡಿತಕ್ಕೆ ಒಳಗೆ ಮಾಂಸಖಂಡ ಕರಗಿದೆ, ಮೇಲೆ ಕೊಬ್ಬು ಕೂತಿದೆ. ವಯಸ್ಸೂ ಸೇರ್ಕೊಂಡಿದೆ. ನಾನು ಹೇಳೋ ಹಾಗೆ ಕುಡಿತ ಬಿಡಿ, ಚೆನ್ನಾಗಿ ತಿನ್ನಿ, ಮೈಗೆ ಕೆಲಸ ಕೊಡಿ. ಬಹಳಷ್ಟು ವಾಪಸ್ ಬರುತ್ತೆ."

"ಗಂಡಸರಿಗೂ ಹೀಗೇನಾ?"

"ಅವರಿಗೇನೂ ರಿಯಾಯಿತಿ ಇಲ್ಲಮ್ಮ."

ಮನೆಯಲ್ಲಿ ಗಂಡ ಆಗಲೇ ಎರಡು ಲೋಟ ತೆಗೆದಿಟ್ಟಿದ್ದ. ಬಸ್ ಚಾಲಕ, ಹಗಲೆಲ್ಲ ಕೂತು ಬಂದು ಮತ್ತೆ ಕೂರುವವನು. ಅವಳು ತನ್ನ ಲೋಟ ಬೋರಲು ಹಾಕಿ ವಿಷಯ ಹೇಳಿದಳು.

"ನನಗೇನಾಗಿದೆಯೇ? ಗುಂಡುಕಲ್ಲಿನ ಹಾಗಿದೀನಿ."

"ಹಾಗಾದ್ರೆ ಕೈಯೂರದೆ ಏಳಿ, ನೋಡೋಣ."

ಅವನು ಠೀವಿಯಿಂದ ಕೈಕಟ್ಟಿದ, ಅರ್ಧ ಎದ್ದ, ಧಡಕ್ಕನೆ ಕೂತ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಇನ್ನೊಮ್ಮೆ ಎದ್ದು ಇನ್ನೊಮ್ಮೆ ಕೂತಾಗ ನಗು ನಿಂತಿತು.

"ಇಬ್ಬರು ಕುಡಿದ್ರೆ ಹರಟೆ ಕಣೇ, ಒಬ್ಬನೇ ಕುಡಿದ್ರೆ ಕುಡುಕ," ಎಂದ ಮೆಲ್ಲಗೆ. "ಈ ಹೊತ್ತು ಬಿಟ್ರೆ ನಾವಿಬ್ಬರೂ ಮಾತಾಡೋದಾದ್ರೂ ಯಾವಾಗ?"

ಮನೆಗೆ ಬರುವ ದಾರಿಯುದ್ದಕ್ಕೂ ಅವಳನ್ನು ಕಾಡಿದ್ದೂ ಅದೇ. ಮಕ್ಕಳು ಅವರವರ ಸಂಸಾರ ಹೂಡಿದ ಮೇಲೆ ಗಂಡ ಹೆಂಡಿರ ಜಗಳ ಹುಟ್ಟಿದ್ದೂ ತೀರಿದ್ದೂ ಆ ಲೋಟಗಳ ಮುಂದೆಯೇ.

"ಮಾತು ನಮ್ದು ರೀ, ಬಾಟಲಿದಲ್ಲ. ಏಳಿ, ತಾರಸಿಗೆ ಹತ್ತೋಣ," ಎಂದು ಕೈ ಚಾಚಿದಳು.

ಕುಡಿತ ಬಿಟ್ಟ ಮೊದಮೊದಲು ನಿದ್ದೆಯೂ ಬರಲಿಲ್ಲ, ಮಾತೂ ಬರಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಇಬ್ಬರೂ ಗೋಡೆಗೊರಗಿ ಸುಮ್ಮನೆ ಏದುಸಿರು ಬಿಡುತ್ತಿದ್ದರು. ಒಂದು ದಿನ ಅವನು ಗೆಳೆಯರ ಜೊತೆ ಕೂತು ಬಂದ. ವಾಸನೆ ಅವಳ ಮೂಗಿಗೆ ಬಡಿಯಿತು. ಮರುಸಂಜೆ ಎಂದಿನಂತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು. ಅವನೂ ತಲೆ ತಗ್ಗಿಸಿಕೊಂಡು ಹಿಂದೆ ಬಂದ. ಕೆಲಸದಲ್ಲಿ ಊಟದ ಬಿಡುವಿನ ಹೊತ್ತು ಅವಳು ನೀರು ತುಂಬಿದ ಡಬ್ಬಗಳನ್ನು ಎತ್ತಿ ಇಳಿಸುತ್ತಿದ್ದರೆ, ಮಡಿಸುವ ಮೇಜಿನ ಹೆಂಗಸರು ಬಾಯಿಗೆ ಬಟ್ಟೆ ಅಡ್ಡ ಹಿಡಿದು ಕಿಸಕ್ಕೆನ್ನುತ್ತಿದ್ದರು.

"ನಗ್ರೇ, ನಗ್ರೇ," ಎನ್ನುತ್ತಿದ್ದಳು, ಡಬ್ಬ ಕೆಳಗಿಡದೆ.

ಬೇಸಿಗೆ ಮುಗಿಯುವಾಗ ಮೇಲ್ವಿಚಾರಕನ ಮುಂದೆ ನಿಂತು ತನ್ನ ಯಂತ್ರ ಕೇಳಿದಳು. ಅವನು ಕೊಟ್ಟ. ಗಂಟನ್ನು ಹಿಂದಿನದಕ್ಕಿಂತ ಚಿಕ್ಕದಾಗಿ ಕಟ್ಟಿದಳು, ಎಲ್ಲರಿಗೂ ಕಾಣುವ ಹಾಗೆಯೇ ಕಟ್ಟಿ, ಒಬ್ಬಳೇ ಎತ್ತಿ ಗಾಡಿಗೆಸೆದಳು.

ಆ ಸಂಜೆ ತಾರಸಿಗೆ ಅವಳೇ ಮೊದಲು ತಲುಪಿದಳು. ಎದುರಿನ ಕಟ್ಟಡಗಳಲ್ಲಿ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ಕೆಳಗಿನ ತಿರುವಿನಲ್ಲಿ ಗಂಡ, ಅಂದು ತನ್ನ ಬಸ್ಸಿನಲ್ಲಿ ಸೀಟಿಗಾಗಿ ಕಿತ್ತಾಡಿದ ಇಬ್ಬರು ಮುದುಕಿಯರ ಕಥೆ ಶುರುಮಾಡಿದ್ದ. ಉಸಿರು ಸಾಲದೆ ಅದು ಅರ್ಧಕ್ಕೇ ನಿಂತಿತು.

"ಆಮೇಲೆ?" ಎಂದು ಅವಳು ಮೆಟ್ಟಿಲಿನತ್ತ ಬಗ್ಗಿದಳು.

"ತಾಳೇ, ಬಂದೆ."

ಹೆಜ್ಜೆ ಸಪ್ಪಳ ಮತ್ತೆ ಮೇಲೇರತೊಡಗಿತು.